ರೆಕಾರ್ಡರ್ ದುರಸ್ತಿಯ ಮುಂಬಯಿ ಪದ್ಧತಿ

ಉಪಗ್ರಹದಿಂದ ಬರುವ ಟಿ.ವಿ. ಕಾರ್ಯಕ್ರಮಗಳನ್ನು ಹಿಡಿದು, ಮುದ್ರಿಸಿಕೊಂಡು, ಮುಂದೆ ಯಾರೂ ನೋಡದ ಹಾಗೆ ಭದ್ರವಾಗಿ ಕಾಪಿಡುವ ಯಂತ್ರಕ್ಕೆ ರೆಕಾರ್ಡರ್ ಎಂದು ಹೆಸರು. ಮುಂಬಯಿಯ ಕನ್ನಡ ಮನೆಗಳಲ್ಲಿ ಇದನ್ನು ‘ಡಬ್ಬಾ’ ಎನ್ನುತ್ತಾರೆ. 2008ರಲ್ಲಿ ಟಾಟಾ ಸ್ಕೈ ಪ್ಲಸ್ ಎಂಬ ಹೆಸರಿನಲ್ಲಿ ಇಂಥ ಯಂತ್ರ ಮಾರುಕಟ್ಟೆಗೆ ಬಂದಾಗ ಅದರ ಧಾರಣಶಕ್ತಿ 45 ಗಂಟೆ. ಕನ್ನಡ ಧಾರಾವಾಹಿಯಲ್ಲಿ ಒಂದು ನಿಶ್ಚಿತಾರ್ಥ ನಡೆದು, ಮುರಿದು, ಅದೇ ಹುಡುಗಿಯನ್ನು ಅದೇ ಹುಡುಗನಿಗೆ ಮತ್ತೆ ಗೊತ್ತುಮಾಡಲು ಈ ಅವಧಿ ಸಾಲದು. ಮುಂದಿನ ಮಾದರಿಗಳಲ್ಲಿ 500 ಜಿಬಿ ಹಾರ್ಡ್ ಡಿಸ್ಕ್ ಬಂದದ್ದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು.

ಉದಯ ಟಿ.ವಿ. 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ ಆರಂಭವಾದರೂ ಮುಂಬಯಿಯ ಕೇಬಲ್‌ವಾಲಾನ ಮಟ್ಟಿಗೆ ಅವು ಗಿರಾಕಿ ಮೂರು ಸಲ ಜಗಳವಾಡಿದ ಮೇಲೆ ಹುಟ್ಟುವ ವಾಹಿನಿಗಳಾಗಿದ್ದವು. 2012ರ ಅಕ್ಟೋಬರ್ 31ರ ಮಧ್ಯರಾತ್ರಿ ನಗರದಲ್ಲಿ ಹಳೆಯ ಅನಲಾಗ್ ಕೇಬಲ್ ನಿಂತಿತು. ಸೆಟ್-ಟಾಪ್ ಬಾಕ್ಸ್ ಹೇಗೂ ಕೊಳ್ಳಲೇಬೇಕೆಂದಾದಾಗ ಮುಲುಂಡ್ ಮೊದಲಾದೆಡೆಯ ಕನ್ನಡಿಗರಲ್ಲಿ ಅನೇಕರು ಜಗಳ ಬಿಟ್ಟು ಡಿಶ್ ಹಿಡಿದರು. ಜಗಳ ಅಲ್ಲಿಂದ ಮನೆಯೊಳಕ್ಕೆ ವರ್ಗವಾಯಿತು.

ದುರಸ್ತಿಗೆ ಇಳಿಯುವ ಮುನ್ನ ದಿಕ್ಕಿನ ಜ್ಞಾನವಿರಬೇಕು. 83 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ, ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವ ಉಪಗ್ರಹವನ್ನು ಮುಂಬಯಿಯಿಂದ ಕಾಣಬೇಕಾದರೆ, ದಕ್ಷಿಣದಿಂದ ಸುಮಾರು 29 ಡಿಗ್ರಿ ಪೂರ್ವಕ್ಕೆ ಹೊರಳಿ, ನೆಲಮಟ್ಟದಿಂದ ಸುಮಾರು 65 ಡಿಗ್ರಿ ಮೇಲಕ್ಕೆ ಮುಖ ಮಾಡಬೇಕು. ಇದೇ ದಿಕ್ಕಿಗೆ ನೆಲದ ಮೇಲೆ ಗೆರೆ ಎಳೆದರೆ ಅದು ಶಿವಮೊಗ್ಗದ ಆಸುಪಾಸಿನಲ್ಲಿ ಹಾಯುತ್ತದೆ. ಉಡುಪಿ ಈ ಗೆರೆಗೆ ತುಸು ಬಲಕ್ಕೂ ಬೆಂಗಳೂರು ತುಸು ಎಡಕ್ಕೂ ಉಳಿಯುತ್ತವೆ. ಹೀಗಾಗಿ ಡಿಶ್ ಯಾರ ಊರಿಗೂ ನೇರವಾಗಿ ಮುಖ ಮಾಡಿಲ್ಲ. ಶಿವಮೊಗ್ಗದವರನ್ನು ಬಿಟ್ಟು ಉಳಿದವರೆಲ್ಲ ಮೊದಲ ದಿನದಿಂದಲೇ ಅದನ್ನು ಸಂಶಯದಿಂದ ನೋಡುವುದು ಸಹಜ.

ಈಗ ರೋಗಲಕ್ಷಣ. ಚಿತ್ರ ಚೌಕಚೌಕವಾಗಿ ಒಡೆಯಬಹುದು. ‘ಸಿಗ್ನಲ್ ಇಲ್ಲ’ ಎಂಬ ಪ್ರಕಟಣೆ ಕಾಣಬಹುದು. ಕೆಂಪು ದೀಪ ಉರಿಯುತ್ತ ಬೇರೇನೂ ಆಗದಿರಬಹುದು. ಇವುಗಳಲ್ಲಿ ಯಾವುದು ಕಂಡುಬಂದರೂ ಮೊದಲ ಹೆಜ್ಜೆ ಒಂದೇ: ಏನು ಕೆಟ್ಟಿತು ಎಂಬುದನ್ನು ಬದಿಗಿಟ್ಟು, ಯಾರು ಕೆಡಿಸಿದರು ಎಂಬುದನ್ನು ನಿರ್ಧರಿಸಬೇಕು. ರಿಮೋಟನ್ನು ಕೊನೆಯದಾಗಿ ಹಿಡಿದವರ ಹೇಳಿಕೆ ಪಡೆಯಬೇಕು. ಆ ಹೊತ್ತಿನಲ್ಲಿ ತಾನು ಸ್ನಾನಕ್ಕೆ ಹೋಗಿದ್ದೆ ಎನ್ನುವವರ ಟವೆಲ್ ಒದ್ದೆಯಿದೆಯೇ ಎಂದು ನೋಡಬೇಕು. ಸಂಜೆ ಏಳೂವರೆಗೆ ಆರಂಭಿಸಿದರೆ ಊಟದ ಹೊತ್ತಿಗೆ ತೀರ್ಪು ಬರುತ್ತದೆ, ಮತ್ತು ಶೇಕಡಾವಾರು ಲೆಕ್ಕ ಹಾಕುವ ಅಗತ್ಯವಿಲ್ಲದಷ್ಟು ಸಲ ಅದು ಸೊಸೆಯ ವಿರುದ್ಧ ಬರುತ್ತದೆ.

ತೀರ್ಪಿನ ನಂತರ ರಿಮೋಟ್ ಚಿಕಿತ್ಸೆ. ಹಿಂಬದಿಯ ಮುಚ್ಚಳ ತೆಗೆದು (ಅದು ಮೊದಲೇ ಕಳೆದುಹೋಗಿ, ಅಲ್ಲಿ ರಬ್ಬರ್ ಬ್ಯಾಂಡ್ ಇರುತ್ತದೆ) ಸೆಲ್‌ಗಳನ್ನು ಹೆಬ್ಬೆರಳಿನಿಂದ ಇದ್ದಲ್ಲೇ ಉರುಳಿಸಬೇಕು. ಅಂಗೈಗೆ ಎರಡು ಸಲ ಬಡಿಯಬೇಕು. ರಿಮೋಟ್ ಬದುಕಿದೆಯೇ ಎಂದು ತಿಳಿಯಲು ಅದರ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತುವುದು ಉತ್ತಮ ಪರೀಕ್ಷೆ. ಬರಿಗಣ್ಣಿಗೆ ಕಾಣದ ಅವಗೆಂಪು ಬೆಳಕು ಬಹುತೇಕ ಮೊಬೈಲ್‌ಗಳ ಪರದೆಯಲ್ಲಿ ನೇರಳೆ ಚುಕ್ಕೆಯಾಗಿ ಮಿನುಗುತ್ತದೆ. ಮಿನುಗದಿದ್ದರೆ ಗೋಡೆ ಗಡಿಯಾರದ ಸೆಲ್ ತೆಗೆದು ರಿಮೋಟ್‌ಗೆ ಹಾಕಬೇಕು. ಇದರಿಂದ ಮನೆಯಲ್ಲಿ ಕಾಲ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಯಜಮಾನರಿಗೆ 8.02ರ ಫಾಸ್ಟ್ ಲೋಕಲ್ ತಪ್ಪುತ್ತದೆ, ಆ ದಿನದ ಹಾಜರಿ ಅರ್ಧವಾಗುತ್ತದೆ. ಇದನ್ನು ದುರಸ್ತಿಯ ವೆಚ್ಚಕ್ಕೆ ಸೇರಿಸುವ ಪರಿಪಾಠ ಇನ್ನೂ ಬೆಳೆದಿಲ್ಲ.

ಮುಂದೆ ಸ್ವಿಚ್ ಆಫ್ ಮಾಡಿ ಆನ್ ಮಾಡುವ ವಿಧಿ. ನಡುವೆ ಹತ್ತು ಸೆಕೆಂಡ್ ಕಾಯಬೇಕೆಂಬ ನಿಯಮಕ್ಕೆ ಕಾರಣವಿದೆ. ಪವರ್ ಸಪ್ಲೈಯ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ತು ಇಳಿಯಲು ಅಷ್ಟು ಹೊತ್ತು ಬೇಕು. ಹತ್ತನ್ನು ಮನೆಯ ಹಿರಿಯರು ಎಣಿಸತಕ್ಕದ್ದು. ಅವರು ಏಳರಲ್ಲಿ ಯಾರಿಗೋ ಬೈಯಲು ನಿಂತರೆ ಮೊದಲಿನಿಂದ ಎಣಿಸಬೇಕು.

ಕಾರ್ಡಿನ ವಿಷಯ ಬೇರೆ. ಡಬ್ಬಾದ ಮುಂಬಾಗಿಲಿನಲ್ಲಿ ಅಡಗಿರುವ ಈ ಕಾರ್ಡಿನ ಚಿನ್ನದ ಬಣ್ಣದ ಚಿಪ್ಪಿನಲ್ಲಿ ಚಂದಾದಾರನ ಯೋಗ್ಯತೆ ಅಡಕವಾಗಿದೆ. ಇದನ್ನು ಹೊರತೆಗೆದು ಉಜ್ಜಬೇಕು ಎಂಬಲ್ಲಿ ಭಿನ್ನಾಭಿಪ್ರಾಯವಿಲ್ಲ. ಯಾವುದಕ್ಕೆ ಉಜ್ಜಬೇಕು ಎಂಬಲ್ಲಿ ಎರಡು ಪಂಥಗಳಿವೆ. ಬನಿಯನ್ ಪಂಥ ಹಳೆಯದು, ಹೆಚ್ಚು ಅನುಯಾಯಿಗಳುಳ್ಳದ್ದು. ಪೆನ್ಸಿಲ್ ರಬ್ಬರ್ ಪಂಥ ಹೊಸದು, ಶಾಸ್ತ್ರಕ್ಕೆ ಹತ್ತಿರವಾದದ್ದು. ಲೋಹದ ಮೇಲಿನ ತೆಳು ಕಿಲುಬು ರಬ್ಬರಿಗೆ ಹೋಗುತ್ತದೆ, ಬನಿಯನ್ನಿಗೆ ಹೋಗದು. ಆದರೂ ರಬ್ಬರಿಗಾಗಿ ಮಗುವಿನ ಕಂಪಾಸ್ ಪೆಟ್ಟಿಗೆ ತೆರೆಯಬೇಕಾಗುತ್ತದೆ, ತೆರೆದಾಗ ಸಹಿ ಮಾಡಿಸದ ಪ್ರೋಗ್ರೆಸ್ ಕಾರ್ಡ್ ಸಿಗುತ್ತದೆ, ಆಮೇಲೆ ಆ ಸಂಜೆ ಬೇರೆ ಕಾರ್ಡಿನ ಚರ್ಚೆ ನಡೆಯುವುದಿಲ್ಲ. ಬನಿಯನ್ ಪಂಥ ಇಂದಿಗೂ ಉಳಿದಿರುವುದು ಈ ಕಾರಣಕ್ಕೇ ಇರಬೇಕು.

ಅತಿ ಬಿಸಿಯಿಂದ ಬರುವ ದೋಷವನ್ನು ಪ್ರತ್ಯೇಕವಾಗಿ ವಿವೇಚಿಸಬೇಕು. ರೆಕಾರ್ಡರಿನೊಳಗೆ ಹಾರ್ಡ್ ಡಿಸ್ಕ್ ಹಗಲಿರುಳು ತಿರುಗುತ್ತಿರುತ್ತದೆ, ಟಿ.ವಿ. ಆರಿಸಿದರೂ ಅದು ನಿಲ್ಲುವುದು ಅಪರೂಪ. ಒಳಗಿನ ಬಿಸಿ ಹೊರಹೋಗಲೆಂದು ಮೇಲ್ಭಾಗದಲ್ಲಿ ಸೀಳುಗಳನ್ನು ಬಿಟ್ಟಿದ್ದಾರೆ. ಆ ಸೀಳುಗಳ ಮೇಲೆ ಕ್ರೋಶಾ ಕಸೂತಿಯ ಬಿಳಿ ಹೊದಿಕೆ ಇರುತ್ತದೆ. ಹೊದಿಕೆಯ ಮೇಲೆ ಗಾಜಿನ ಬಾತುಕೋಳಿಗಳ ಜೋಡಿ, ಅದರ ಪಕ್ಕಕ್ಕೆ ಸಹಕಾರಿ ಬ್ಯಾಂಕಿನ ಟೇಬಲ್ ಕ್ಯಾಲೆಂಡರು, ಕ್ಯಾಲೆಂಡರಿಗೆ ಒರಗಿದಂತೆ ಮೊಮ್ಮಗನಿಗೆ ಮೂರನೆಯ ತರಗತಿಯ ಲಿಂಬೆ-ಚಮಚ ಓಟದಲ್ಲಿ ಬಂದ ಕಪ್ಪು. ಡಿಸೆಂಬರ್ ಕಳೆದು ಮುಂಬಯಿಯಲ್ಲಿ ರಾತ್ರಿ ಹೊತ್ತು ಬೆಡ್‌ಶೀಟ್ ಬೇಕೆನಿಸುವ ನಾಲ್ಕು ದಿನ ಬಂದಾಗ ಇವೆಲ್ಲವನ್ನೂ ಬದಿಗೆ ಸರಿಸಿ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಅಲ್ಲಿಡುತ್ತಾರೆ. ಹಿಟ್ಟು ಬೆಳಗಾಗುವಷ್ಟರಲ್ಲಿ ಚೆನ್ನಾಗಿ ಉಬ್ಬುತ್ತದೆ. ಒಳಗೆ ಕೆಪಾಸಿಟರ್‌ಗಳೂ ಉಬ್ಬುತ್ತವೆ. ಎರಡನ್ನೂ ಮೇಲಿನಿಂದ ನೋಡಿದರೆ ಸಾಕು, ಮುಟ್ಟಿ ನೋಡಬೇಕಾಗಿಲ್ಲ. ಹೊದಿಕೆಯನ್ನು ತೆಗೆದರೆ ಡಬ್ಬಾದ ಆಯುಸ್ಸು ಹೆಚ್ಚುತ್ತದೆ. ಆದರೆ ಅದನ್ನು ಹೆಣೆದವರು ಅತ್ತೆಯಾಗಿದ್ದು ಅದೇ ಕೋಣೆಯಲ್ಲಿ ಕುಳಿತಿದ್ದರೆ ಈ ಸಲಹೆಯನ್ನು ತಡೆಹಿಡಿಯಬೇಕು.

ಇಷ್ಟರಿಂದ ಗುಣವಾಗದಿದ್ದರೆ ದೋಷ ಮೇಲಿದೆ ಎಂದು ತಿಳಿದು ಟೆರೇಸ್ ಏರಬೇಕು. ಏರುವುದಕ್ಕೆ ಕೀಲಿಕೈ ಬೇಕು. ಕೀಲಿಕೈ ವಾಚ್‌ಮನ್‌ನ ಬಳಿ ಇರುತ್ತದೆ. ವಾಚ್‌ಮನ್ ಸೆಕ್ರೆಟರಿಯನ್ನು ಕೇಳಬೇಕು ಎನ್ನುತ್ತಾನೆ. ಸೆಕ್ರೆಟರಿ, ಚೇರ್ಮನ್ ಹತ್ತಿರ ಮಾತಾಡಿ ಎನ್ನುತ್ತಾರೆ. ಚೇರ್ಮನ್ ಪುಣೆಗೆ ಮಗಳ ಮನೆಗೆ ಹೋಗಿರುತ್ತಾರೆ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯಲ್ಲಿ ಇಂಥ ಸಂದರ್ಭಕ್ಕೆಂದೇ ಕಲಮು ಇಲ್ಲ. ರೂಢಿ ಮಾತ್ರ ಇದೆ. ಮೇಂಟೆನೆನ್ಸ್ ಬಾಕಿ ಇಲ್ಲದವರಿಗೆ ಎರಡನೆಯ ದಿನ, ಬಾಕಿ ಇರುವವರಿಗೆ ಲೀಕೇಜ್ ವಿಚಾರ ಎತ್ತಿ ಒಂದು ತಾಸು ಮಾತನಾಡಿಸಿದ ಮೇಲೆ, ಕಮಿಟಿಯ ವಿರುದ್ಧ ಉಪನಿಬಂಧಕರಿಗೆ ಅರ್ಜಿ ಕೊಟ್ಟವರಿಗೆ ಡಿಶ್ಶಿನ ವಾಯಿದೆ ಮುಗಿದ ಮೇಲೆ ಕೀಲಿಕೈ ದೊರೆಯುತ್ತದೆ.

ಟೆರೇಸಿನಲ್ಲಿ ಹಿಂದೆ ಬಂದುಹೋದ ಕುಟುಂಬಗಳ ಡಿಶ್‌ಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ತುಕ್ಕು ಹಿಡಿಯುತ್ತಿರುತ್ತವೆ. ಇವುಗಳಲ್ಲಿ ತಮ್ಮದು ಯಾವುದು ಎಂದು ಗುರುತಿಸುವುದೇ ಅರ್ಧ ಕೆಲಸ. ಕೇಬಲ್ ಹಿಡಿದು ಹಿಂಬಾಲಿಸಿದರೆ ಅದು ನೀರಿನ ಟ್ಯಾಂಕಿನ ಹಿಂದೆ ಇತರ ಕೇಬಲ್‌ಗಳೊಂದಿಗೆ ಬೆರೆತು, ಬಿ ವಿಂಗ್‌ನ ಯಾವುದೋ ಬೆಡ್‌ರೂಮಿನ ಕಿಟಕಿಗೆ ಕರೆದೊಯ್ಯುತ್ತದೆ. ಅಲ್ಲಿ ಇಣುಕಬಾರದು. ಅನುಭವಿಗಳು ಡಿಶ್ಶಿನ ಹಿಂಬದಿಗೆ ಮನೆ ನಂಬರ್ ಬರೆದಿಡುತ್ತಾರೆ. ನಂಬರ್ ಬರೆದ ಡಿಶ್‌ಗಳ ಮೇಲೆಯೇ ಪಾರಿವಾಳಗಳು ಹೆಚ್ಚು ಕೂರುತ್ತವೆ ಎಂಬ ವಾದಕ್ಕೆ ಆಧಾರ ದುರ್ಬಲ.

ರೆಕಾರ್ಡರಿಗೆ ಡಿಶ್‌ನಿಂದ ಒಂದಲ್ಲ, ಎರಡು ಕೇಬಲ್ ಬರುತ್ತವೆ. ಒಂದು ನೋಡುವುದಕ್ಕೆ, ಇನ್ನೊಂದು ಅದೇ ಹೊತ್ತಿಗೆ ಬೇರೆ ವಾಹಿನಿಯನ್ನು ಮುದ್ರಿಸುವುದಕ್ಕೆ. ಮನೆಯಲ್ಲಿ ಶಾಂತಿಯನ್ನು ಹಿಡಿದಿಡುವುದು ಈ ಎರಡನೆಯ ಕೇಬಲ್. ಅರಬ್ಬೀ ಸಮುದ್ರದ ಉಪ್ಪುಗಾಳಿಗೆ ಅದರ ತುದಿಯ ಕನೆಕ್ಟರಿನೊಳಗೆ ತಾಮ್ರದ ತಂತಿ ಹಸಿರುಗಟ್ಟುತ್ತದೆ. ಪರಿಹಾರ ಸರಳ. ಕನೆಕ್ಟರ್ ತಿರುಚಿ ತೆಗೆದು, ಹಸಿರುಗಟ್ಟಿದ ಒಂದು ಇಂಚನ್ನು ಕತ್ತರಿಸಿ, ಹೊಸದಾಗಿ ಸುಲಿದು, ಜಾಲರಿಯ ಒಂದೆಳೆಯೂ ನಡುವಿನ ತಂತಿಗೆ ತಾಗದಂತೆ ಹಿಂದಕ್ಕೆ ಮಡಚಿ, ಕನೆಕ್ಟರ್ ಬಿಗಿದು, ಮೇಲೆ ಕಪ್ಪು ಟೇಪ್ ಸುತ್ತಬೇಕು. ಇದನ್ನು ಪ್ರತಿ ಮಳೆಗಾಲದ ನಂತರ ಮಾಡಬೇಕಾಗುವುದರಿಂದ ಕೇಬಲ್ ವರ್ಷಕ್ಕೊಂದು ಇಂಚು ಕುಗ್ಗುತ್ತ ಹೋಗುತ್ತದೆ, ಮತ್ತು ಟಿ.ವಿ. ಅಷ್ಟಷ್ಟೇ ಕಿಟಕಿಯ ಕಡೆಗೆ ಸರಿಯುತ್ತದೆ. ಸಾಂತಾಕ್ರೂಜ್‌ನ ಹಳೆಯ ಕಟ್ಟಡಗಳಲ್ಲಿ ಸೋಫಾ ಕೂಡ ಅದನ್ನು ಹಿಂಬಾಲಿಸಿರುವುದರಿಂದ ಅಡುಗೆಮನೆಗೆ ಈಗ ಒಳ್ಳೆಯ ಜಾಗವಾಗಿದೆ.

ಡಿಶ್ ತಿರುಗಿಸುವ ಕೆಲಸವನ್ನು ಅಳಿಯನಿಗೆ ಒಪ್ಪಿಸುವುದು ವಾಡಿಕೆ. ಆತ ಐರೋಲಿಯಲ್ಲಿ ಐಟಿ ಕೆಲಸದಲ್ಲಿದ್ದರಂತೂ ಬೇರೆ ಅರ್ಹತೆ ಕೇಳುವುದಿಲ್ಲ. ಎರಡಡಿ ಅಗಲದ ಡಿಶ್ಶಿಗೆ ಕಾಣುವ ಆಕಾಶದ ಅಗಲ ಸುಮಾರು ಮೂರು ಡಿಗ್ರಿ ಮಾತ್ರ; ನಟ್ಟು ಸಡಿಲಿಸಿ ಕೂದಲೆಳೆಯಷ್ಟು ಸರಿಸಿ, ಡಬ್ಬಾಕ್ಕೆ ಸಿಗ್ನಲ್ ಹಿಡಿಯಲು ನಾಲ್ಕಾರು ಸೆಕೆಂಡ್ ಕೊಟ್ಟು, ನಂತರ ಮತ್ತೆ ಸರಿಸಬೇಕು. ಚಿತ್ರ ಬಂತೋ ಇಲ್ಲವೋ ಎಂಬ ವರದಿ ಕೆಳಗಿನಿಂದ ಬರಬೇಕು. ಅಳಿಯ ಟೆರೇಸಿನಲ್ಲಿ, “ಅತ್ತೇ, ಬಂತಾ?” ಎನ್ನುತ್ತಾನೆ. ಕಟ್ಟೆಗೆ ಒರಗಿದ ವಾಚ್‌ಮನ್ ಬಾಗಿ ಅದನ್ನು “ಆಯಾ ಕ್ಯಾ?” ಎಂದು ಇಳಿಸುತ್ತಾನೆ. ಐದನೆಯ ಮಹಡಿಯ ಕಿಟಕಿಯಲ್ಲಿ ಬಟ್ಟೆ ಒಣಗಿಸುತ್ತಿರುವ ಕಾಕೂ, “ಆಲಂ ಕಾ?” ಎನ್ನುತ್ತಾರೆ. ನಾಲ್ಕನೆಯ ಮಹಡಿಯಲ್ಲಿ ಮಾವ ಕಿಟಕಿಯಿಂದ ಹಾಲ್‌ಗೆ ತಿರುಗಿ, “ಬತ್ತ್ಂಡಾ?” ಎಂದು ತುಳುವಿನಲ್ಲಿ ಒಪ್ಪಿಸುತ್ತಾರೆ. ಹಾಲ್‌ನಲ್ಲಿ ಕುಳಿತ ಅಜ್ಜಿ, “ಯಾರು?” ಎಂದು ಕೇಳುತ್ತಾರೆ. ಈ ಪ್ರಶ್ನೆ ಅದೇ ಭಾಷೆಗಳ ಮೂಲಕ ಮೇಲೇರುವಷ್ಟರಲ್ಲಿ ಡಿಶ್ ಉಪಗ್ರಹವನ್ನು ಎರಡು ಸಲ ದಾಟಿ ಹೋಗಿರುತ್ತದೆ.

ಪರದೆಯ ಮೇಲೆ ಈ ವೇಳೆ ಎರಡು ಪಟ್ಟಿಗಳು ಕಾಣುತ್ತವೆ, ಸಿಗ್ನಲ್ಲಿನ ಬಲ ಮತ್ತು ಗುಣಮಟ್ಟ. ಡಿಶ್ ಆಕಾಶದ ಯಾವ ಮೂಲೆ ನೋಡುತ್ತಿದ್ದರೂ ಬಲದ ಪಟ್ಟಿ ತುಂಬಿಯೇ ಇರಬಹುದು, ಏಕೆಂದರೆ ಡಿಶ್ಶಿನ ಮುಂದಿರುವ ಎಲ್‌ಎನ್‌ಬಿ ತನ್ನ ಗದ್ದಲವನ್ನೂ ಸೇರಿಸಿ ಕಳುಹಿಸುತ್ತದೆ. ಉಪಗ್ರಹ ಸಿಕ್ಕಿತೆಂಬುದಕ್ಕೆ ಗುಣಮಟ್ಟದ ಪಟ್ಟಿಯೊಂದೇ ಸಾಕ್ಷಿ. ಬಲ ತೊಂಬತ್ತು, ಗುಣಮಟ್ಟ ಸೊನ್ನೆ ಎಂಬ ಸ್ಥಿತಿಯನ್ನು ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿಬಂದವರಿಗೆ ವಿವರಿಸಬೇಕಾಗಿಲ್ಲ.

ಕೆಲವು ದೋಷಗಳಿಗೆ ಕಟ್ಟಡವೇ ಕಾರಣ. 65 ಡಿಗ್ರಿ ಮೇಲಕ್ಕೆ ನೋಡುವ ಡಿಶ್ಶನ್ನು ಮರೆಮಾಡಬೇಕಾದರೆ, ಹತ್ತು ಮೀಟರ್ ದೂರದಲ್ಲಿರುವ ಕಟ್ಟಡ ಡಿಶ್ಶಿಗಿಂತ 21 ಮೀಟರಿಗೂ ಹೆಚ್ಚು ಎತ್ತರವಿರಬೇಕು. ಹಿಂದಿನ ಮುಂಬಯಿಯಲ್ಲಿ ಇದು ದೂರದ ಮಾತಾಗಿತ್ತು. ಈಗ ಎದುರಿನ ನಾಲ್ಕು ಮಹಡಿಯ ಸೊಸೈಟಿ ರಿಡೆವಲಪ್‌ಮೆಂಟ್‌ಗೆ ಹೋಗಿ ಇಪ್ಪತ್ತೆರಡು ಮಹಡಿಯಾಗಿ ಹಿಂದಿರುಗುತ್ತದೆ. ಅದು ಎದ್ದ ಹಾಗೆ ಒಂದೊಂದೇ ಮನೆಯ ಟಿ.ವಿ. ಆರುತ್ತದೆ. ಬಿಲ್ಡರ್ ಕಾರ್ಪಸ್ ಫಂಡ್, ಬಾಡಿಗೆ, ಶಿಫ್ಟಿಂಗ್ ಖರ್ಚು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ಅವನ್ನೂ ಎದುರಿನವರಿಗೆ. ಈ ಕಡೆಯವರು ಉಪಗ್ರಹವನ್ನು ಸರಿಸಲು ಸಂಬಂಧಪಟ್ಟವರಿಗೆ ಪತ್ರ ಬರೆಯುವುದು ಕ್ರಮ. ಪತ್ರದ ಒಂದು ಪ್ರತಿಯನ್ನು ನಗರಪಾಲಿಕೆಯ ವಾರ್ಡ್ ಆಫೀಸಿಗೂ ಕೊಟ್ಟು ಮೊಹರು ಹಾಕಿಸಿಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ದುರಸ್ತಿಯನ್ನೂ ನಂಬಬಾರದು. ಉಪಗ್ರಹದಿಂದ ಬರುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸಿನದು. ದಪ್ಪ ಮಳೆಹನಿಗಳು ಅವನ್ನು ಹೀರಿ ಚದುರಿಸುತ್ತವೆ. ಮೋಡ ಕವಿದು ಅಂಧೇರಿ ಸಬ್‌ವೇಯಲ್ಲಿ ನೀರು ನಿಂತ ಹೊತ್ತಿಗೆ ಚಿತ್ರ ಹೋದರೆ ಡಬ್ಬಾವನ್ನು ದೂರುವಂತಿಲ್ಲ. ಮಾರ್ಚ್ ತಿಂಗಳ ಮೊದಲರ್ಧದಲ್ಲಿ ಮತ್ತು ಅಕ್ಟೋಬರ್ ಆರಂಭದಲ್ಲಿ ಕೆಲವು ದಿನ, ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ಕೆಲವು ನಿಮಿಷ ಸಿಗ್ನಲ್ಲನ್ನು ಮುಳುಗಿಸುವುದೂ ಉಂಟು. ಸೂರ್ಯನ ಬಗ್ಗೆ ಸಹಾಯವಾಣಿಗೆ ದೂರು ಕೊಟ್ಟರೆ ದೂರಿನ ಸಂಖ್ಯೆ ಎಸ್‌ಎಂಎಸ್ ಮೂಲಕ ಬರುತ್ತದೆ.

ಉಳಿದದ್ದು ಶಸ್ತ್ರಕ್ರಿಯೆ. ವಾರಂಟಿಯ ಸ್ಟಿಕ್ಕರನ್ನು ಹರಿಯದೆ ಡಬ್ಬಾ ತೆರೆಯಲು ಬರುವುದಿಲ್ಲ. ಹರಿದ ಮೇಲೆ ವಾರಂಟಿ ಎರಡು ವರ್ಷದ ಹಿಂದೆಯೇ ಮುಗಿದಿತ್ತೆಂದು ತಿಳಿಯುತ್ತದೆ. ಗೋಡೆಯಿಂದ ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 320 ವೋಲ್ಟ್ ಕುಳಿತಿರಬಲ್ಲದು. ಹೀಗಾಗಿ ಮದುವೆಯಾಗಿ ವರ್ಷ ತುಂಬದ ಅಳಿಯನನ್ನು ಈ ಹಂತಕ್ಕೆ ಬಳಸಬಾರದು. ಉಬ್ಬಿದ ಚಿಕ್ಕ ಕೆಪಾಸಿಟರನ್ನು ಬಿಚ್ಚಿ, ಅದರ ಮೇಲಿನ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಅಂಕಿಗಳನ್ನು ಬರೆದುಕೊಂಡು, ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡ್‌ನಲ್ಲಿಳಿದು ಲ್ಯಾಮಿಂಗ್ಟನ್ ರೋಡ್‌ಗೆ ಹೋಗಬೇಕು. ರಸ್ತೆಗೆ ಡಾ. ಭಡಕಮ್ಕರ್ ಮಾರ್ಗವೆಂದು ಹೆಸರು ಬದಲಾಗಿ ಬಹಳ ಕಾಲವಾಗಿದ್ದರೂ ಆ ಹೆಸರಿನಿಂದ ಕೇಳಿದವರಿಗೆ ಬಿಡಿಭಾಗ ಸಿಗುವುದು ಕಷ್ಟ. ಕೆಪಾಸಿಟರಿನ ಬೆಲೆ ಕಟಿಂಗ್ ಚಹಾಕ್ಕಿಂತ ಕಡಿಮೆ. ಅಂಗಡಿಯವನು ಒಂದೇ ಒಂದನ್ನು ಕೊಡಲು ಒಪ್ಪುವುದಿಲ್ಲ. ಹತ್ತು ತಂದು ಒಂದು ಹಾಕಿ, ಉಳಿದ ಒಂಬತ್ತನ್ನು ಪಾರ್ಲೆ ಬಿಸ್ಕತ್ತಿನ ಡಬ್ಬಿಯಲ್ಲಿ, ಮುಚ್ಚುವಾಗ ಮಿಕ್ಕ ಎರಡು ಸ್ಕ್ರೂಗಳೊಂದಿಗೆ ಇಡಬೇಕು. ಸ್ಕ್ರೂ ಮಿಗದಿದ್ದರೆ ಮತ್ತೆ ಬಿಚ್ಚಿ ನೋಡುವುದು ಒಳಿತು.

ಕಂಪೆನಿಯ ಟೆಕ್ನಿಷಿಯನ್ ಬರುವುದು ಇದೆಲ್ಲ ಮುಗಿದು ಚಿತ್ರ ಚೆನ್ನಾಗಿ ಬರುತ್ತಿರುವ ದಿನ. ಆತ ಡಬ್ಬಾವನ್ನು ಮುಟ್ಟದೆ, ಈ ಮಾಡೆಲ್ ಬಂದ್ ಆಗಿದೆ, ಹಳೆಯದು ಕೊಟ್ಟು ಹೊಸದು ತೆಗೆದುಕೊಳ್ಳಿ ಎನ್ನುತ್ತಾನೆ. ಇಲ್ಲಿ ಒಳಗಿನ ಸಂಗ್ರಹದ ಪ್ರಶ್ನೆ ಏಳುತ್ತದೆ. ಮುದ್ರಣಗಳು ಗೂಢಲಿಪಿಯಲ್ಲಿದ್ದು ಅದೇ ಡಬ್ಬಾ, ಅದೇ ಕಾರ್ಡಿಗೆ ಮಾತ್ರ ತೆರೆದುಕೊಳ್ಳುತ್ತವೆ. ಹಾರ್ಡ್ ಡಿಸ್ಕ್ ಕಳಚಿ ಕಂಪ್ಯೂಟರಿಗೆ ಜೋಡಿಸಿದರೆ, ಈ ಡಿಸ್ಕ್ ಖಾಲಿ ಇದೆ, ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ವಿನಯದಿಂದ ಕೇಳುತ್ತದೆ. ಚಂದಾ ನಿಲ್ಲಿಸಿದರೆ ಹಳೆಯ ಮುದ್ರಣಗಳೂ ಬಾಯಿ ಮುಚ್ಚುತ್ತವೆ. ಆದ್ದರಿಂದ ಹೊಸ ಡಬ್ಬಾಕ್ಕೊಂದು, ಹಳೆಯದಕ್ಕೊಂದು ಎಂದು ಎರಡು ಚಂದಾ ಕಟ್ಟುವುದೇ ಪ್ರಚಲಿತ ಪರಿಹಾರ. 2019ರ ಫೆಬ್ರುವರಿಯಲ್ಲಿ ಹೊಸ ದರ ಜಾರಿಗೆ ಬಂದಾಗ ಮೊದಲ ನೂರು ವಾಹಿನಿಗಳ ಸಂಪರ್ಕಕ್ಕೇ ತಿಂಗಳಿಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ ಎಂದಾಯಿತು. ಕಾಪಿಡುವುದಕ್ಕೆ ತಗಲುವ ಕನಿಷ್ಠ ವೆಚ್ಚವನ್ನು ಮನೆಯವರು ಇದರಿಂದ ಅಂದಾಜು ಮಾಡಿಕೊಳ್ಳಬಹುದಾಗಿತ್ತು.

ಸಂಗ್ರಹದಲ್ಲಿ ಸಾಮಾನ್ಯವಾಗಿ ಇವು ದೊರೆಯುತ್ತವೆ: ಇಡೀ ರಾತ್ರಿಯ ಯಕ್ಷಗಾನವೊಂದರ ಮೊದಲ ನಲವತ್ತು ನಿಮಿಷ, ‘ಅಗ್ನಿಸಾಕ್ಷಿ’ಯ ಹನ್ನೊಂದು ಕಂತುಗಳು, ಅವುಗಳಲ್ಲಿ ಎರಡು ಒಂದೇ, ಹಾಡಿನ ಸ್ಪರ್ಧೆಯೊಂದರ ಪ್ರೇಕ್ಷಕರ ಸಾಲಿನಲ್ಲಿ ಸೋದರ ಸೊಸೆ ಚಪ್ಪಾಳೆ ತಟ್ಟುವ ದೃಶ್ಯ, 2011ರ ಏಪ್ರಿಲ್ 2ರಂದು ವಾಂಖೆಡೆಯಲ್ಲಿ ನಡೆದ ವಿಶ್ವಕಪ್ ಫೈನಲ್, ನಿಗದಿಪಡಿಸಿದ ಹೊತ್ತು ಮುಗಿದದ್ದರಿಂದ ಧೋನಿಯ ಸಿಕ್ಸರಿಗೆ ತುಸು ಮೊದಲು ನಿಂತದ್ದು. ಆ ರಾತ್ರಿ ಎಲ್ಲರೂ ನೇರಪ್ರಸಾರ ನೋಡಿದ್ದರಿಂದ ಮುದ್ರಣವನ್ನು ತೆರೆಯುವ ಸಂದರ್ಭ ಬಂದಿಲ್ಲ.

ಡಿಸ್ಕ್ ಶೇಕಡಾ 98ರಷ್ಟು ತುಂಬಿದಾಗ ಏನನ್ನಾದರೂ ಅಳಿಸುವಂತೆ ಡಬ್ಬಾ ಸೂಚಿಸುತ್ತದೆ. ಅಳಿಸಲು ಮನೆಯ ಎಲ್ಲರ ಒಪ್ಪಿಗೆ ಬೇಕು. ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಪ್ರಸ್ತಾವ ಹಾಕಿ, ಪ್ರತಿಯೊಬ್ಬರ ಉತ್ತರಕ್ಕೆ ಕಾಯಬೇಕು. ನೀಲಿ ಗುರುತು ಬಂದ ಮಾತ್ರಕ್ಕೆ ಒಪ್ಪಿಗೆಯೆಂದು ತಿಳಿಯಬಾರದು. ದುಬೈಯಲ್ಲಿರುವ ಭಾವ ಹೂವಿನ ಚಿತ್ರ ಹಾಕಿ ಶುಭೋದಯ ಎಂದಿದ್ದಾರೆ.